ಎಂಟನೆಯ ಮನೆ

ನಮ್ಮೂರಲ್ಲಿ ಸಂಬಂಧ ನೋಡಲು ಹೋದವರು ಮೊದಲು ಹಿತ್ತಲು ನೋಡುತ್ತಾರೆ. ಹುಡುಗನ ಓದು, ಕೆಲಸ, ಮೂಗು, ಮೀಸೆ ಎಲ್ಲ ಆಮೇಲೆ. ನಮ್ಮಪ್ಪ ಈ ಮನೆಗೆ ಬಂದವನು ಕೊಟ್ಟ ಕಾಫಿಯನ್ನು ಕುಡಿಯದೆ ಲೋಟ ಹಿಡಿದುಕೊಂಡೇ ಹಿಂಬಾಗಿಲಿಗೆ ನಡೆದು, ಜೇಬಿನಿಂದ ಟೇಪು ತೆಗೆದು ಒಂದು ತುದಿಯನ್ನು ಮದುವೆ ಗಂಡಿನ ಕೈಗೇ ಕೊಟ್ಟು "ಹಿಡ್ಕೊಳಪ್ಪ" ಅಂದನಂತೆ. ಉದ್ದ ನಲವತ್ತಡಿ, ಅಗಲ ಹದಿನೆಂಟಡಿ. ಮನೆಗೆ ವಾಪಸು ಬಂದು ಚಪ್ಪಲಿ ಬಿಡುವ ಮುಂಚೆಯೇ ಅಮ್ಮನಿಗೆ ಹೇಳಿದ: "ರಿಂಗಿನ ಕೋರ್ಟು, ಡಬಲ್ಸು. ನಾಲ್ಕು ಜನಕ್ಕೆ ಜಾಗ. ಇರೋರು ತಾಯಿ ಮಗ ಇಬ್ಬರೇ. ಕೊಟ್ಟುಬಿಡೋಣ." ನನ್ನ ಮದುವೆ ಆದದ್ದು ಹೀಗೆ. ಮೂರನೆಯವಳು ನಾನು, ನಾಲ್ಕನೆಯವಳು ನಮ್ಮ ಮಗಳು ವಸುಧಾ. ಅಲ್ಲಿಗೆ ಕೋರ್ಟು ಭರ್ತಿಯಾಯಿತು.

ದೀಪ ಹಚ್ಚುವ ಹೊತ್ತಿಗೆ ಊರಿನ ಸೈರನ್ ಕೂಗುತ್ತದೆ. ಕೂಗಿದ್ದೇ ತಡ, ಎಲ್ಲರೂ ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಹಿತ್ತಲಿಗೆ ಇಳಿಯುತ್ತೇವೆ. ಗೆರೆಯೊಳಗೆ ನಿಂತು ಆಟ ಶುರು ಮಾಡುತ್ತೇವೆ. ಆಮೇಲೆ ಗಾಳಿ ಬರುತ್ತದೆ. ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟು ಹೊತ್ತು ಅದು ಬೀಸಿ ಹೋದ ಮೇಲೆ ಎರಡನೆಯ ಸೈರನ್ ಕೂಗುತ್ತದೆ. ಗೆರೆಯೊಳಗೆ ಆಡುತ್ತಿದ್ದವರು ಆಗಲೂ ಇರುತ್ತಾರೆ. ಉಳಿದವರು ಇರುವುದಿಲ್ಲ. ಅವರು ಎಲ್ಲಿಗೆ ಹೋದರು ಎಂದು ಕೇಳುವವರು ನಮ್ಮೂರಲ್ಲಿಲ್ಲ. ಕೇಳಿ ಮಾಡುವುದಾದರೂ ಏನು?

ಗೆರೆ ಮಾತ್ರ ಅಳತೆಗೆ ಸರಿಯಾಗಿರಬೇಕು. ಮಳೆಗಾಲ ಕಳೆದ ಮೇಲೆ ಅಳತೆ ಶಾಮಣ್ಣ ಮನೆಮನೆಗೂ ಬಂದು ಹೊಸದಾಗಿ ಹಾಕಿಕೊಡುತ್ತಾನೆ. ನಾಲ್ಕು ಮೂಲೆಗೆ ಗೂಟ, ಗೂಟದಿಂದ ಗೂಟಕ್ಕೆ ಹುರಿ, ಹುರಿಯ ಗುಂಟ ಸುಣ್ಣ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹಿಡಿದರೆ ಎರಡೂ ಕಡೆ ಒಂದೇ ಅಳತೆ ಬರಬೇಕು, ಇಲ್ಲದಿದ್ದರೆ ಕೋರ್ಟು ಸೊಟ್ಟಗಿದೆ ಎಂದು ಅರ್ಥ. ನೆಟ್ಟಿನ ಎತ್ತರ ಆರಡಿ. ನೆಟ್ಟಿನ ಆ ಕಡೆ ಈ ಕಡೆ ಮೂರು ಮೂರು ಅಡಿ ಸತ್ತ ಜಾಗ, ಅಲ್ಲಿ ರಿಂಗು ಬೀಳಕೂಡದು, ನಾವೂ ನಿಲ್ಲಕೂಡದು. ಆಟ ಇಪ್ಪತ್ತೊಂದಕ್ಕೆ. ಆದರೆ ಇಪ್ಪತ್ತೊಂದು ಆಯಿತೆಂದರೆ ಆಟ ಮುಗಿಯಿತು, ಮುಗಿದ ಆಟವನ್ನು ಗೆರೆ ಕಾಯುವುದಿಲ್ಲ. ಅದಕ್ಕೇ ಇಪ್ಪತ್ತಕ್ಕೆ ಬಂದವರು ಸರ್ವೀಸನ್ನು ಬೇಕೆಂದೇ ನೆಟ್ಟಿಗೆ ಹೊಡೆದು ಬಿಟ್ಟುಕೊಡುತ್ತಾರೆ. ನಾನು ಹುಟ್ಟಿ ಬೆಳೆದ ಈ ಊರಲ್ಲಿ ಆಟ ಗೆದ್ದವರನ್ನು ಕಣ್ಣಾರೆ ಕಂಡಿರಲಿಲ್ಲ.

ಇಂಥ ಊರಲ್ಲಿ ನನಗೆ ಚೆನ್ನಿಗ ಹುಟ್ಟಿದ. ಬೇಡ ಬೇಡ ಅಂದರೂ ಹುಟ್ಟಿದ, ದುಂಡುದುಂಡಗೆ, ಊರಿಗೆಲ್ಲ ಕೇಳುವ ಹಾಗೆ ಕಿರುಚಿಕೊಂಡು. ತೋಳಲ್ಲಿರುವ ಮಗು ತಾಯಿಯ ಜೊತೆಗೇ ಸೇರಿದ್ದು, ಅದಕ್ಕೆ ಬೇರೆ ಜಾಗ ಬೇಡ. ನೆಲಕ್ಕಿಳಿದು, ತಾನಾಗಿ ನಡೆದು, ರಿಂಗು ಎಸೆಯಿತೋ, ಆವತ್ತಿನಿಂದ ಅದೂ ಒಬ್ಬ ಆಟಗಾರ. ಬೇರೆ ಊರುಗಳಲ್ಲಿ ಮಗು ಹೊಸ್ತಿಲು ದಾಟಿದರೆ ಕಡುಬು ಮಾಡಿ ಹಂಚುತ್ತಾರಂತೆ. ನಮ್ಮೂರಲ್ಲಿ ಐದನೆಯ ಮಗು ಎದ್ದು ನಿಂತರೆ ಬಾಗಿಲು ಹಾಕಿಕೊಂಡು ಅಳುತ್ತಾರೆ.

ನಮ್ಮದು ಚಿಕ್ಕ ಹಿತ್ತಲು. ಐದನೆಯವರಿಗೆ ಜಾಗ ಬೇಕೆಂದರೆ ಥ್ರೋಬಾಲ್ ಕೋರ್ಟೇ ಆಗಬೇಕು. ಅರವತ್ತಡಿಗೆ ನಲವತ್ತಡಿ. ಅದಕ್ಕೆ ಪಕ್ಕದ ಮನೆಯ ಗೋಡೆ, ಅವರ ಬಚ್ಚಲು, ಅವರ ಅರ್ಧ ಅಡುಗೆಮನೆ ಒಡೆಯಬೇಕು. ಮುಂದುಗಡೆ ರಸ್ತೆ, ಟಾರಿನ ಮೇಲೆ ಗೆರೆ ಹಿಡಿಯುವುದಿಲ್ಲ. ಪಕ್ಕದ ಮನೆ ದಾಕ್ಷಾಯಿಣಿಯ ಕೋರ್ಟಿನಲ್ಲಿ ಒಂದು ಜಾಗ ಖಾಲಿ ಇತ್ತು. ಕಾಂಪೌಂಡಿನ ಹತ್ತಿರ ನಿಂತು ಕೇಳಿದೆ. ಆಕೆ ಬಟ್ಟೆ ಹಿಂಡುತ್ತಿದ್ದವಳು ತಲೆಯನ್ನೂ ಎತ್ತದೆ, "ನಮ್ಮ ಸೊಸೆಗೆ ಈಗ ಮೂರು ತಿಂಗಳು ಕಣ್ರೀ" ಅಂದಳು. "ಒಳ್ಳೇದಾಯ್ತು ಬಿಡಿ" ಅಂದು ಬಂದೆ. ನಾದಿನಿಯ ಮನೆಯದು ಶಟಲ್ ಕೋರ್ಟು, ನಾಲ್ಕೂ ಭರ್ತಿ.

ಉಳಿದದ್ದು ಕುರ್ಚಿ. ಪ್ರತಿ ಹಿತ್ತಲಲ್ಲೂ ನೆಟ್ಟಿನ ಕಂಬದ ಪಕ್ಕ, ಗೆರೆಯಿಂದ ಆಚೆಗೆ, ಒಂದು ಎತ್ತರದ ಅಂಪೈರ್ ಕುರ್ಚಿ ಇರುತ್ತದೆ. ಜನ ಹೆಚ್ಚಾದ ಮನೆಯಲ್ಲಿ ಹಿರಿಯರು ಒಂದು ಸಂಜೆ ಹೊಸ ಸೀರೆಯೋ ಪಂಚೆಯೋ ಉಟ್ಟು, ಎಲೆಅಡಿಕೆ ಹಾಕಿಕೊಂಡು ಆ ಕುರ್ಚಿ ಹತ್ತುತ್ತಾರೆ. ಪಾಯಿಂಟ್ ಕೂಗುತ್ತಾರೆ. ಒಂದು, ಎರಡು, ಮೂರು... ಕೂಗು ನಿಲ್ಲುವವರೆಗೆ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ಯಾರೂ ಬಲವಂತ ಮಾಡುವುದಿಲ್ಲ, ಹಿರಿಯರೇ ತಿಳಿದುಕೊಂಡು ಹತ್ತುತ್ತಾರೆ ಎಂದು ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹತ್ತದೆ ಎಲ್ಲರೂ ಒಟ್ಟಿಗೆ ಗೆರೆಯೊಳಗೆ ನಿಂತರೆ ಯಾರನ್ನು ಒಯ್ಯಬೇಕೆಂದು ಗಾಳಿ ತಾನೇ ಆರಿಸಿಕೊಳ್ಳುತ್ತದೆ. ಮಿಲ್ಲಿನ ಬೀದಿಯ ಒಂದು ಮನೆಯಲ್ಲಿ ಹಾಗೆ ನಿಂತು, ಅದು ಆರಿಸಿಕೊಂಡದ್ದು ಶಾಲೆಗೆ ಹೋಗುತ್ತಿದ್ದ ಹುಡುಗಿಯನ್ನು.

ನಮ್ಮತ್ತೆ ತುಂಗಮ್ಮ ಹತ್ತುವುದಿಲ್ಲ ಅಂದುಬಿಟ್ಟರು.

ಯಾರೂ ಕೇಳಿರಲಿಲ್ಲ. ಚೆನ್ನಿಗ ಗೋಡೆ ಹಿಡಿದು ಎದ್ದು ನಿಂತ ದಿನ, ಊಟಕ್ಕೆ ಕೂತಾಗ, ತಾವಾಗಿಯೇ ಅಂದರು. "ನೋಡ್ರಪ್ಪ, ಎಲ್ಲರೂ ನನ್ನ ತಟ್ಟೆ ನೋಡ್ತಾ ಊಟ ಮಾಡೋದು ಬೇಡ. ನಾನು ಕುರ್ಚಿ ಹತ್ತಲ್ಲ."

ನಮ್ಮವರು ಕೈ ತೊಳೆಯಲು ಎದ್ದುಹೋದರು. ಅವರಿಗೆ ಯಾವಾಗಲೂ ಅದೇ ದಾರಿ.

"ನಮ್ಮತ್ತೆಗೆ ನಾನೇ ಸೀರೆ ಉಡಿಸಿದ್ದು," ಅಂದರು ಅತ್ತೆ ನನ್ನ ಕಡೆ ತಿರುಗಿ. "ನನ್ನ ಮಗಳು ಹೆಜ್ಜೆ ಇಟ್ಟಾಗ. ನೆರಿಗೆ ಹಿಡಿದು ಸಿಗಿಸಿ, 'ಚೆನ್ನಾಗಿ ಕಾಣ್ತೀರ ಅತ್ತೆ' ಅಂತ ಬೇರೆ ಅಂದೆ. ಎರಡು ಪಾಯಿಂಟ್ ಕೂಗಿದ್ದು ಕೇಳಿಸ್ತು. ಮೂರನೇದು ಕೇಳಿಸ್ಲಿಲ್ಲ. ನನಗೆ ಬದುಕೋ ಆಸೆ ಇದೆ ಕಣೇ. ವಯಸ್ಸಾಯ್ತು ಅಂದ್ರೆ ಆಸೆ ಹೋಗುತ್ತೆ ಅಂತ ಯಾವನು ಹೇಳಿದ್ದು ನಿಂಗೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಎಪ್ಪತ್ತು ದಾಟಿದ ಹೆಂಗಸು, ಮೊಮ್ಮಗನ ಎದುರಿಗೆ ಕೂತು ಹೀಗೆ ಹೇಳುವುದಾ? ತಟ್ಟೆಗಳನ್ನು ಬಡಿದು ಬಡಿದು ತೊಳೆದೆ. ಮಾರನೆಯ ದಿನದಿಂದ ಚೆನ್ನಿಗನನ್ನು ನೆಲಕ್ಕೆ ಬಿಡದೆ ಸೊಂಟದ ಮೇಲೆ ಹೊತ್ತುಕೊಂಡೇ ತಿರುಗಿದೆ. ಒಂದು ವರ್ಷ ದಾಟಿತು, ಎರಡೂ ದಾಟಿತು. ಸೊಂಟ ಬಿದ್ದುಹೋಯಿತು. ಕಲ್ಲುಗುಂಡಿನಂಥ ಹುಡುಗ, ಇಳಿಸು ಇಳಿಸು ಎಂದು ಒದೆಯುತ್ತಾನೆ, ಇವನ ಕಾಲು ನೆಲಕ್ಕೆ ತಾಗಿದರೆ ಯಾರು ಹೋಗುವವರು ಎಂದು ನಾನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೇನೆ. ಅತ್ತೆಯ ಜೊತೆ ಬೇಕಾದಷ್ಟಕ್ಕೆ ಮಾತ್ರ ಮಾತು.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದರೆ ಅತ್ತೆ ಒಗೆಯುವ ಕಲ್ಲಿನ ಪಕ್ಕ ಬಗ್ಗಿ, ನೆಲದ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹೆಜ್ಜೆ ಇಡುತ್ತಾ ಕಡ್ಡಿಯಿಂದ ಗೀರುತ್ತಿದ್ದರು. ಕೋರ್ಟಿಗೂ ಗೋಡೆಗೂ ಮಧ್ಯೆ ಉಳಿದ ಪಟ್ಟಿಯಂಥ ಜಾಗ ಅದು. ಎರಡು ಸಾಲು, ಸಾಲಿಗೆ ನಾಲ್ಕು ಮನೆ.

"ಕುಂಟೆಬಿಲ್ಲೆ," ಅಂದರು. "ಒಬ್ಬರೇ ಆಡಬಹುದು. ಜಾಗ ಸಾಕು."

ಶಾಮಣ್ಣನನ್ನು ಕರೆಸಿದೆವು. ಅವನು ಟೇಪನ್ನು ಬಿಚ್ಚಲೇ ಇಲ್ಲ. "ಇದಕ್ಕೆ ಅಳತೇನೇ ಇಲ್ಲವಲ್ಲಮ್ಮ. ಕೇರಿಗೊಂದು ಥರ ಆಡ್ತಾರೆ. ಯಾವುದನ್ನ ಸರಿ ಅನ್ನೋದು? ಹಿಡಿಯಲ್ಲ ಇದು."

"ಅಳತೆ ಇಲ್ಲ ಅಂತ ಯಾರಂದ್ರು? ಆಡೋಳ ಪಾದಾನೇ ಅಳತೆ. ಮೂರು ಪಾದ ಉದ್ದ, ಎರಡೂವರೆ ಅಗಲ. ನಮ್ಮಮ್ಮ ಅವಳ ಕಾಲಲ್ಲಿ ಅಳೀತಿದ್ಲು, ನಾನು ನನ್ನ ಕಾಲಲ್ಲಿ. ನೀನು ಗಂಡಸು, ನಿಂಗೇನು ಗೊತ್ತು? ಹೋಗು, ಮಜ್ಜಿಗೆ ಕುಡಿದು ಹೋಗು."

ಶಾಮಣ್ಣ ಮಜ್ಜಿಗೆ ಕುಡಿದು, "ನಾನಂತೂ ಜವಾಬ್ದಾರಿ ಅಲ್ಲ" ಎಂದು ಹೋದ. ಪರೀಕ್ಷೆ ಮಾಡೋಣವೆಂದರೆ ಕೋಳಿ, ಮೇಕೆ ಕಟ್ಟಿ ನೋಡುವ ಹಾಗಿಲ್ಲ. ಆಡದವರನ್ನು ಗೆರೆ ಹಿಡಿಯುವುದಿಲ್ಲ.

ಅತ್ತೆ ಅಭ್ಯಾಸ ಶುರು ಮಾಡಿದರು. ಆಟ ಹೀಗೆ: ಹೆಂಚಿನ ಚೂರನ್ನು ಮೊದಲ ಮನೆಗೆ ಹಾಕಿ, ಕುಂಟುಗಾಲಲ್ಲಿ ನೆಗೆಯುತ್ತಾ, ಅದೇ ಕಾಲಿನಿಂದ ಬಿಲ್ಲೆಯನ್ನು ಮನೆಯಿಂದ ಮನೆಗೆ ದೂಡುತ್ತಾ ಎಂಟೂ ಸುತ್ತಿ ಬರಬೇಕು. ಗೆರೆ ತುಳಿಯಬಾರದು. ಎತ್ತಿದ ಕಾಲು ಊರಬಾರದು. ನಾಲ್ಕನೆಯ ಮನೆಯಲ್ಲಿ ಕಾಲು ಬದಲಿಸಬಹುದು, ಅದು ಅವರ ಕೇರಿಯ ಕಾನೂನಂತೆ. ತಪ್ಪಿಲ್ಲದೆ ಸುತ್ತಿ ಬಂದರೆ ಮೊದಲ ಮನೆಯಲ್ಲೇ ನಿಂತು ಬಿಲ್ಲೆಯನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು. ಅದು ಬಿದ್ದ ಮನೆ ನಮ್ಮದು. ನಮ್ಮ ಮನೆಯಲ್ಲಿ ಎರಡೂ ಕಾಲು ಊರಿ ನಿಲ್ಲಬಹುದು, ಎಷ್ಟು ಹೊತ್ತಾದರೂ.

ಮೊದಮೊದಲು ಎರಡು ಮನೆ ದಾಟುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದರು. ಬಿದ್ದು ಮೊಣಕೈ ತರಚಿಕೊಂಡರು. ದಾಕ್ಷಾಯಿಣಿ ಕಾಂಪೌಂಡಿನ ಮೇಲಿಂದ ನೋಡಿ ಸೆರಗು ಬಾಯಿಗಿಟ್ಟು ನಕ್ಕಳು. ಊರೆಲ್ಲ ಮಾತಾಡಿತು, ಮುದುಕಿಗೆ ನಾಚಿಕೆ ಇಲ್ಲ, ಗೌರವವಾಗಿ ಕುರ್ಚಿ ಹತ್ತುವುದು ಬಿಟ್ಟು ಕುಂಟುತ್ತಾಳೆ ಅಂತ. ದಾಕ್ಷಾಯಿಣಿ ನಕ್ಕದ್ದು ಯಾಕೋ ನನಗೆ ತಡೆಯಲಾಗಲಿಲ್ಲ. "ಏನ್ರೀ, ನಿಮ್ಮ ಸೊಸೆ ಇನ್ನೊಂದು ಹೆತ್ತ ಮೇಲೆ ನಿಮಗೂ ಬೇಕಾಗುತ್ತೆ, ಸರಿಯಾಗಿ ನೋಡಿ ಕಲಿತ್ಕೊಳ್ಳಿ" ಅಂದೆ. ಅವಳು ಒಳಗೆ ಹೋದಳು. ಅತ್ತೆ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆವತ್ತು ನಾನೇ ಹರಳೆಣ್ಣೆ ಬಿಸಿ ಮಾಡಿ ಅವರ ಮಂಡಿಗೆ ತಿಕ್ಕಿದೆ. ತಿಕ್ಕುತ್ತಾ, "ಭಾರ ಎಲ್ಲ ಹಿಮ್ಮಡಿ ಮೇಲೆ ಹಾಕ್ತೀರ ಅತ್ತೆ, ಅದಕ್ಕೇ ಬೀಳ್ತೀರ. ಬೆರಳ ಮೇಲೆ ನೆಗೀರಿ" ಅಂದೆ. ಅಲ್ಲಿಂದ ಮುಂದೆ ದಿನಾ ತಿಕ್ಕಿದೆ. ಅವರು ನೆಗೆಯುವಾಗ ಹುಡುಗನನ್ನು ಸೊಂಟಕ್ಕೇರಿಸಿಕೊಂಡು ಪಕ್ಕದಲ್ಲಿ ನಿಂತು ಗದರಿದೆ.

ಕೊನೆಗೆ ಅತ್ತೆಯ ಪರೀಕ್ಷೆ ನಾವು ಗೊತ್ತುಮಾಡಿದ ದಿನ ಆಗಲಿಲ್ಲ. ಒಂದು ಸಂಜೆ ಸೈರನ್ ಕೂಗಿ, ನಾಲ್ಕೂ ಜನ ರಿಂಗಿನ ಕೋರ್ಟಿನಲ್ಲಿ ಆಡುತ್ತಿದ್ದೆವು. ಗಾಳಿ ಇನ್ನೂ ಬಂದಿರಲಿಲ್ಲ. ವಸುಧಾ ಎಸೆದ ರಿಂಗನ್ನು ನಾನು ಬಗ್ಗಿ ಹಿಡಿಯಲು ಹೋದಾಗ ಚೆನ್ನಿಗ ಜಾರಿ ನೆಲಕ್ಕಿಳಿದ. ನನ್ನ ಕೈಯಲ್ಲಿದ್ದ ರಿಂಗನ್ನು ಕಿತ್ತುಕೊಂಡು, ತೂರಾಡುತ್ತಾ ನಾಲ್ಕು ಹೆಜ್ಜೆ ಓಡಿ, ಎರಡೂ ಕೈಯಿಂದ ಎಸೆದೇಬಿಟ್ಟ. ರಿಂಗು ನೆಟ್ಟಿನ ಕೆಳಗಿಂದ ಉರುಳಿಕೊಂಡು ಹೋಗಿ ಅವರಪ್ಪನ ಕಾಲಿಗೆ ತಾಗಿತು. ನಮ್ಮವರು ಕಲ್ಲಾಗಿ ನಿಂತರು. ಹುಡುಗ ಚಪ್ಪಾಳೆ ತಟ್ಟಿಕೊಂಡು ಕುಣಿಯುತ್ತಿದ್ದಾನೆ. ಗೋಡೆಯಾಚೆ ಹುಣಸೆಮರದ ತುದಿ ಆಗಲೇ ಅಲ್ಲಾಡತೊಡಗಿತ್ತು.

ಅತ್ತೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗೆರೆ ದಾಟಿ, ಬಿಲ್ಲೆ ಹಾಕಿ, ಕಾಲೆತ್ತಿದರು.

ಗಾಳಿ ಬಂತು. "ಆಡ್ರೀ! ನಿಲ್ಲಿಸಬೇಡಿ!" ಎಂದು ನಾನೇ ಕಿರುಚಿದೆ. ಆಡಿದೆವು. ಗಾಳಿಯಲ್ಲಿ ಕಣ್ಣು ಬಿಡಲಾಗುವುದಿಲ್ಲ, ಬಿಟ್ಟರೂ ಮಣ್ಣು ಬಿಟ್ಟು ಬೇರೆ ಕಾಣುವುದಿಲ್ಲ. ಕಿವಿ ಮಾತ್ರ ಅಲ್ಲಿತ್ತು. ಧಪ್, ಬಿಲ್ಲೆ ಸರಿದ ಸದ್ದು. ಧಪ್, ಬಿಲ್ಲೆ ಸರಿದ ಸದ್ದು. ನಡುವೆ ಒಂದು ಸಲ ಏನೂ ಕೇಳಿಸದೆ ನನ್ನ ಕೈಯಿಂದ ರಿಂಗು ಬಿತ್ತು. ಮತ್ತೆ ಧಪ್. ದೇವರೇ, ಆ ಮುದುಕಿಯ ಕಾಲಿನ ಸದ್ದಿಗೆ ನಾನು ಹಾಗೆ ಕಾದಿದ್ದೇನೆ.

ಎರಡನೆಯ ಸೈರನ್ ಕೂಗಿದಾಗ ಅತ್ತೆ ಆರನೆಯ ಮನೆಯಲ್ಲಿ, ಒಂಟಿಗಾಲಲ್ಲಿ, ಮೈಯೆಲ್ಲ ನಡುಗುತ್ತಾ ಇದ್ದರು. "ಹಿಡ್ಕೊಳ್ಳೇ ಮುಂಡೇದೆ, ಬೀಳ್ತೀನಿ" ಅಂದರು. ಓಡಿ ಹೋಗಿ ತಬ್ಬಿಕೊಂಡೆ. ಇಬ್ಬರೂ ಅಲ್ಲೇ ಕುಸಿದು ಕೂತು ಅತ್ತೆವು.

ಮಾರನೆಯ ದಿನವೂ ಕುಂಟಬೇಕಲ್ಲ, ಅದು ಬೆಳಗಾದ ಮೇಲೆ ನೆನಪಾಯಿತು. ಅದರ ಮಾರನೆಯ ದಿನವೂ. ಅತ್ತೆ ಹಗಲೆಲ್ಲ ಮಲಗಿ ಸಂಜೆಗೆ ಎದ್ದು ಕುಂಟುತ್ತಿದ್ದರು. ಪಾದ ಬಾತುಕೊಂಡಿತು. ಹೀಗಾದರೆ ಎಷ್ಟು ದಿನ ಎಂದು ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಆಗ ಒಂದು ಸಂಜೆ ಅವರು ಸುತ್ತು ಪೂರ್ತಿ ಮಾಡಿ ಬಿಲ್ಲೆ ಎಸೆದರು. ಮೂರನೆಯ ಮನೆಗೆ ಬಿತ್ತು. ಅಲ್ಲಿ ಎರಡೂ ಕಾಲು ಊರಿ ನಿಂತ ಸದ್ದು ಕೇಳಿ ನನಗೆ ಜೀವ ಹೋಯಿತು. ಆದರೆ ಅವರು ಇದ್ದರು. ಗಾಳಿಯೊಳಗಿಂದ "ನಂದು ಕಣೇ ಇದು, ನನ್ನ ಮನೆ!" ಎಂದು ಕೂಗಿದರು. ಗೆರೆ ಒಪ್ಪಿಕೊಂಡಿತ್ತು.

ಸೈರನ್ ಆದ ಮೇಲೆ, "ನಾಳೆ ಇದನ್ನ ಅಳಿಸಬೇಡ. ಗೆದ್ದ ಮನೆ ಗೆದ್ದಿದ್ದೇ. ಚಿಕ್ಕೋರಿದ್ದಾಗ ನಿನ್ನೆ ಗೆದ್ದ ಮನೆ ಇವತ್ತೂ ನಮ್ಮದೇ ಆಗಿರೋದು" ಅಂದರು. ರಿಂಗಿನಾಟವನ್ನು ನಾವು ದಿನಾ ಸೊನ್ನೆಯಿಂದ ಶುರು ಮಾಡುತ್ತೇವೆ. ಕುಂಟೆಬಿಲ್ಲೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದೆವು. ಮಂಡಿಗೆ ಆಸರೆ ಸಿಕ್ಕಿತಲ್ಲ, ನಮಗೆ ಅಷ್ಟೇ ಬೇಕಾಗಿತ್ತು. ಬೆಳಿಗ್ಗೆ ನಾನು ರಂಗೋಲಿ ಪುಡಿ ತಂದು ಆ ಮನೆಯೊಳಗೆ ಒಂದು ಹೂವು ಬಿಡಿಸಿದೆ, ಗುರುತಿಗೆ.

ಗೆದ್ದ ಮನೆ ಎರಡಾಯಿತು, ಮೂರಾಯಿತು. ಒಂದು ಹೂವಿನಿಂದ ಇನ್ನೊಂದು ಹೂವಿಗೆ ನೆಗೆದು ಸುಧಾರಿಸಿಕೊಂಡು ಮುಂದೆ ಹೋಗುವುದು. ಪಾದದ ಬಾವು ಇಳಿಯಿತು. ಅತ್ತೆಗೆ ಹುರುಪು ಬಂತು, ಸಂಜೆ ತಲೆ ಬಾಚಿ ಹೂ ಮುಡಿದು ಸೈರನ್‌ಗೆ ಕಾಯುತ್ತಿದ್ದರು. ಕಾಂಪೌಂಡಿನ ಮೇಲಿಂದ ದಾಕ್ಷಾಯಿಣಿ ಈಗ ನಗದೆ ನೋಡುತ್ತಿದ್ದಳು. ಒಂದು ದಿನ ಮೆಲ್ಲಗೆ, "ಮೂರು ಪಾದ ಅಂದ್ರಲ್ಲ ತುಂಗಮ್ಮೋರೇ, ಚಪ್ಪಲಿ ಹಾಕಿನೋ, ಬಿಟ್ಟೋ?" ಎಂದು ಕೇಳಿದಳು. ಶಾಮಣ್ಣ ಬಂದು ಟೇಪು ಹಿಡಿದು ಅತ್ತೆಯ ಪಾದ ಅಳೆದುಕೊಂಡು ಹೋದ. ಮನೆಯಲ್ಲಿ ನಗು ಬಂತು. ಐದು ತಟ್ಟೆ ಹಾಕಿ ಊಟಕ್ಕೆ ಕೂರುವಾಗ ಯಾರೂ ಯಾರ ತಟ್ಟೆಯನ್ನೂ ನೋಡುತ್ತಿರಲಿಲ್ಲ.

ಏಳು ಮನೆ ಗೆದ್ದಾಯಿತು. ಅದೂ ಹೂವು, ಇದೂ ಹೂವು, ಮಧ್ಯೆ ಒಂದೇ ಒಂದು ಖಾಲಿ ಮನೆ. ಬಿಲ್ಲೆ ಅದರೊಳಗೆ ಬಿದ್ದರೆ ಮಾತ್ರ ಲೆಕ್ಕ, ದಿನಾ ಎಸೆದರೂ ಬೀಳುತ್ತಿರಲಿಲ್ಲ. "ಅದೊಂದು ಸಿಕ್ಕಿಬಿಟ್ರೆ ಕುಂಟೋದೇ ಬೇಡ ಕಣೇ," ಅನ್ನುತ್ತಿದ್ದರು ಅತ್ತೆ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ. "ಆರಾಮಾಗಿ ಓಡಾಡ್ಕೊಂಡಿರ್ತೀನಿ. ಸಾಯೋವರೆಗೂ." ನಾನೂ ಹೂಂ ಅಂದೆ. ಸಂಜೆ ಹೊತ್ತಿಗೆ ದೇವರಿಗೆ ತುಪ್ಪದ ದೀಪ ಹಚ್ಚಿ, ಆ ಮನೆಗೆ ಬೀಳಲಪ್ಪ ಎಂದು ಬೇಡಿಕೊಂಡೆ. ನಮ್ಮವರು ಬೇಡಿಕೊಂಡರು. ವಸುಧಾ ಎಲ್ಲಕ್ಕಿಂತ ದೊಡ್ಡ ಹೂವು ಬಿಡಿಸಬೇಕೆಂದು ಕೆಂಪು ಪುಡಿ ತೆಗೆದಿಟ್ಟಿದ್ದಳು. ದಿನಾ ಇಪ್ಪತ್ತಕ್ಕೆ ಬಂದು ರಿಂಗು ಬಿಡುವ ನಮ್ಮಲ್ಲಿ ಒಬ್ಬರಿಗೂ, ಒಬ್ಬರಿಗಾದರೂ, ಹೊಳೆಯಬೇಡವೇ? ಕೋರ್ಟಿನ ಬುದ್ಧಿ ಕೋರ್ಟಿಗಷ್ಟೇ ಅಂದುಕೊಂಡಿದ್ದೆವು. ಅದು ಮಕ್ಕಳಾಟ, ಅದಕ್ಕೊಂದು ಕೊನೆ ಇದೆ ಅಂತಲೇ ಯಾರಿಗೂ ಅನಿಸಲಿಲ್ಲ.

ಆ ಸಂಜೆ ಗಾಳಿ ಜೋರಿತ್ತು. ನಾವು ಹತ್ತೊಂಬತ್ತಕ್ಕೆ ಬಂದಿದ್ದೆವು. ಧಪ್ ಧಪ್ ಎಂದು ಸುತ್ತು ಮುಗಿಸಿದ ಸದ್ದು ಕೇಳಿಸಿತು. ಬಿಲ್ಲೆ ಹಾರಿತು. ನೆಲಕ್ಕೆ ಬಿದ್ದ ಸದ್ದು. ಆಮೇಲೆ ಎರಡೂ ಕಾಲು ಒಟ್ಟಿಗೆ ಊರಿದ ಸದ್ದು, ಬಹಳ ಗಟ್ಟಿಯಾಗಿ, ಚಿಕ್ಕ ಹುಡುಗಿ ನೆಗೆದ ಹಾಗೆ.

"ಗೆದ್ದೆ ಕಣೇ! ಎಂಟೂ ನಂದೇ! ಗೆದ್ದೇಬಿಟ್ಟೆ!"

ಆ ಮಾತು ಕಿವಿಗೆ ಬಿದ್ದಾಗ ನನಗೆ ಗೊತ್ತಾಯಿತು. "ಅತ್ತೆ, ಬಿಲ್ಲೆ ಹಾಕಿ! ಮತ್ತೆ ಶುರು ಮಾಡಿ! ಅತ್ತೆ!" ಎಂದು ಕೂಗಿದೆ. ಬಾಯಿಗೆ ಮಣ್ಣು ತುಂಬಿತು. ಗೆರೆಯ ತುದಿಗೆ ಓಡಿದ ನನ್ನನ್ನು ನಮ್ಮವರು ಸೆರಗು ಹಿಡಿದು ಹಿಂದಕ್ಕೆಳೆದರು. "ಆಡು," ಅಂದರು. ಅವರ ಅಮ್ಮ ಅಲ್ಲಿ, ಅವರು ನನ್ನ ಕೈಗೆ ರಿಂಗು ಕೊಟ್ಟು ಆಡು ಅನ್ನುತ್ತಿದ್ದಾರೆ. ಆಡಿದೆ. ಎರಡನೆಯ ಸೈರನ್ ಆಗುವವರೆಗೂ ಆಡಿದೆ.

ಎಂಟು ಮನೆಯೂ ಹಾಗೇ ಇದ್ದವು. ಏಳು ಹೂವು ಅಳಿಸಿರಲಿಲ್ಲ. ಖಾಲಿ ಮನೆಯ ಮಧ್ಯೆ ಎರಡು ಪಾದದ ಗುರುತು, ಪಕ್ಕದಲ್ಲಿ ಬಿಲ್ಲೆ.

ಮಾರನೆಯ ದಿನ ಊರವರು ಬಂದರು. "ಹೋಗಲಿ ಬಿಡಿ, ಅಂತೂ ನಾಲ್ಕು ಜನಕ್ಕೆ ಸರಿಹೋಯ್ತಲ್ಲ" ಎಂದು ದಾಕ್ಷಾಯಿಣಿ ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನಮ್ಮೂರಲ್ಲಿ ಸಮಾಧಾನ ಹೇಳುವುದೇ ಹಾಗೆ. ಈಗ ಅವಳ ಹಿತ್ತಲಲ್ಲೂ ಎಂಟು ಮನೆ ಬಿದ್ದಿವೆ, ಊರಿನ ಎಷ್ಟೋ ಹಿತ್ತಲುಗಳಲ್ಲಿ ಬಿದ್ದಿವೆ. ಮುದುಕರು, ಮುದುಕಿಯರು ಕುಂಟುತ್ತಾರೆ. ಏಳಕ್ಕೆ ನಿಲ್ಲಿಸಬೇಕೆಂದು ಎಲ್ಲರಿಗೂ ಗೊತ್ತಾಗಿದೆ. ಕುರ್ಚಿಗಳನ್ನು ಕೆಲವರು ಒಲೆಗೆ ಹಾಕಿದರು. ನಮ್ಮತ್ತೆಗೆ ಗೊತ್ತಾಗಿದ್ದರೆ ಊರಿಗೆಲ್ಲ ಕೇಳುವ ಹಾಗೆ ನಗುತ್ತಿದ್ದರು.

ನಾವು ಈಗಲೂ ರಿಂಗು ಆಡುತ್ತೇವೆ, ಇಬ್ಬರ ಮೇಲೆ ಇಬ್ಬರು. ಚೆನ್ನಿಗ ನನ್ನ ಪಾರ್ಟ್ನರ್. ಅವನಿಗೆ ಸೋಲುವುದೆಂದರೆ ಆಗದು. ನಿನ್ನೆ ಸಂಜೆ ಇಪ್ಪತ್ತಕ್ಕೆ ಬಂದೆವು, ಸರ್ವೀಸ್ ನನ್ನದು. "ಅಮ್ಮಾ, ಸರಿಯಾಗಿ ಎಸಿ! ಒಂದೇ ಪಾಯಿಂಟು! ಯಾಕೆ ಯಾವಾಗ್ಲೂ ಬಿಟ್ಟುಬಿಡ್ತೀಯಾ?" ಎಂದು ಗಾಳಿಯಲ್ಲಿ ಕಾಲು ಬಡಿದು ಅತ್ತ. "ಅಜ್ಜಿ ಗೆದ್ದಿದ್ರು ಅಲ್ವಾ?"

"ಹೂಂ ಮಗಾ, ಗೆದ್ದಿದ್ರು," ಅಂದೆ. ರಿಂಗನ್ನು ನೆಟ್ಟಿಗೆ ಹೊಡೆದೆ.